ಅಪ್ಪನ ಸಮಾಧಿಯ ಕಲ್ಲಿನ ಮೇಲೆ ಯಾವ ಊರಿನ ಹೆಸರು ಬರೆಸಬೇಕು?

ರಿಪ್ಪನ್‌ಪೇಟೆ ಕಡೆಯವಳು:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯಲ್ಲಿ ನಮ್ಮ ತಂದೆ ತೀರಿಕೊಂಡರು. ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿದಿದೆ, ನಲವತ್ತೊಂದನೆಯ ದಿನದ್ದು ಬಾಕಿ ಇದೆ. ಅಷ್ಟರೊಳಗೆ ಸಮಾಧಿಗೆ ಕಲ್ಲು ಹಾಕಿಸಬೇಕೆಂದು ಅಣ್ಣ ಅವಸರ ಮಾಡುತ್ತಿದ್ದಾನೆ. ಕೆತ್ತಬೇಕಾದ್ದನ್ನು ಬರೆದುಕೊಡಿ ಎಂದು ಶಿವಮೊಗ್ಗದ ಕಲ್ಲುಕೆಲಸದವರು ಕೇಳಿದ್ದಾರೆ. ಹೆಸರು ಬರೆದೆ, ಹುಟ್ಟಿದ ವರ್ಷ 1938 ಎಂದು ಬರೆದೆ, ತೀರಿಕೊಂಡ ದಿನವನ್ನೂ ಬರೆದೆ. ಊರು ಎಂಬಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ಕೇರಳದ ಪಾಲಾ ಪಟ್ಟಣದ ಹತ್ತಿರದ ಹುಟ್ಟೂರನ್ನು, ಮನೆತನದ ಹೆಸರಿನ ಸಮೇತ, ಮಲಯಾಳ ಲಿಪಿಯಲ್ಲೇ ಬರೆಸಬೇಕೆಂಬುದು ಅಣ್ಣನ ಹಟ. ನನಗೆ ಒಪ್ಪಲು ಮನಸ್ಸು ಬರುತ್ತಿಲ್ಲ, ಬೇಡವೆನ್ನಲು ಬಾಯೂ ಬರುತ್ತಿಲ್ಲ. ಹೀಗೆ ಬೇರೆ ಕಡೆಯಿಂದ ಬಂದು ಮಲೆನಾಡಿನಲ್ಲಿ ಬದುಕಿ ಹೋದ ಹಿರಿಯರನ್ನು ಕಳೆದುಕೊಂಡವರು ಇಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಅವರ ವಿಷಯವನ್ನು ಸ್ವಲ್ಪ ಹೇಳಿದರೆ ಸಲಹೆ ಕೊಡುವವರಿಗೆ ಅನುಕೂಲವಾದೀತು. ನಾವು ಮಕ್ಕಳು ಅವರನ್ನು ಚಾಚ್ಚನ್ ಎಂದು ಕರೆಯುತ್ತಿದ್ದೆವು. ಅವರು ಈ ಕಡೆಗೆ ಬಂದದ್ದು 1961ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ತಿರುವಾಂಕೂರಿಗೆ ಬರುತ್ತಿದ್ದ ಅಕ್ಕಿ ನಿಂತಾಗ ಅವರಿಗೆ ನಾಲ್ಕು ವರ್ಷ. ಮೂರು ಹೊತ್ತೂ ಮರಗೆಣಸು ತಿಂದು ಬೆಳೆದವರು. ಏಳು ಮಂದಿ ಅಣ್ಣತಮ್ಮಂದಿರ ನಡುವೆ ಪಾಲಾದ ಜಮೀನಿನಲ್ಲಿ ಒಬ್ಬರಿಗೂ ಹೊಟ್ಟೆ ತುಂಬುವಷ್ಟು ಉಳಿಯಲಿಲ್ಲವಂತೆ. ಅವರಿಗೂ ಮುಂಚೆ ಇಲ್ಲಿಗೆ ಬಂದಿದ್ದ ಸೋದರಮಾವನೊಬ್ಬರು ಬರೆದ ಕಾಗದವೇ ಕಾರಣವಾಯಿತು. ಎರ್ನಾಕುಳಂನಿಂದ ಶೋರನೂರಿನ ಮೇಲೆ ಮಂಗಳೂರಿಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಉಡುಪಿ, ಹೆಬ್ರಿ, ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ತೀರ್ಥಹಳ್ಳಿ, ಕೋಣಂದೂರು. ಘಾಟಿಯಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿದ್ದ ಅವರಿಗೆ ಕಂಡಕ್ಟರು ಒಂದು ಲಿಂಬೆಹಣ್ಣು ಕೊಟ್ಟನಂತೆ. ಕನ್ನಡನಾಡು ತನಗೆ ಮೊದಲು ಕೊಟ್ಟದ್ದು ಲಿಂಬೆಹಣ್ಣು ಎಂದು ನೂರು ಸಲವಾದರೂ ಹೇಳಿರಬಹುದು.

ಚಳಿಜ್ವರದ ಸೀಮೆ ಎಂದು ಹೆದರಿ ಹೊರಗಿನವರು ಕಾಲಿಡದಿದ್ದ ಜಾಗ ಇದು. 1953ರಲ್ಲಿ ಶುರುವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದವರು ಡಿಡಿಟಿ ಹೊಡೆದ ಮೇಲೆ ಆ ಹೆದರಿಕೆ ತಗ್ಗಿತ್ತು. ಆದರೂ ಮೊದಲ ಮಳೆಗಾಲದಲ್ಲೇ ಅವರಿಗೆ ಜ್ವರ ಬಂದು, ಪಕ್ಕದ ಮನೆಯ ಅಮ್ಮನೊಬ್ಬರು ಹದಿನೈದು ದಿನ ಗಂಜಿ ಕಳಿಸಿ ಉಳಿಸಿಕೊಂಡರು. ಆ ಅಮ್ಮನ ಮನೆಯ ಅಡಿಕೆ ಗೊನೆಗಳಿಗೆ ಔಷಧಿ ಹೊಡೆಯುವ ದಿನ, ತಮ್ಮ ಎಪ್ಪತ್ತನೆಯ ವಯಸ್ಸಿನ ತನಕವೂ, ಯಾರೂ ಕರೆಯದೆ ಹೋಗಿ ತುತ್ತ–ಸುಣ್ಣ ಕಲಸಿಕೊಟ್ಟು ಬರುತ್ತಿದ್ದರು.

ಅವರ ಕನ್ನಡ ಕೇಳಿದವರು ನಗದೆ ಇರುತ್ತಿರಲಿಲ್ಲ. ಮಲಯಾಳದಲ್ಲಿ ಬಂದವರು ಗಂಡಸಾಗಲಿ ಹೆಂಗಸಾಗಲಿ ದನವಾಗಲಿ ಕ್ರಿಯಾಪದ ಒಂದೇ. ಅದೇ ಲೆಕ್ಕದಲ್ಲಿ ಇವರು ಕನ್ನಡದಲ್ಲಿ ಎಲ್ಲಕ್ಕೂ ‘ಬಂತು’ ಎನ್ನುತ್ತಿದ್ದರು. ಮೇಷ್ಟ್ರು ಬಂತು, ಹಸು ಬಂತು, ಮಗಳು ಶಾಲೆಯಿಂದ ಬಂತು. ನಾನು ಒಂದನೆಯ ತರಗತಿಗೆ ಸೇರಿದಾಗ, ರಾತ್ರಿ ಬುಡ್ಡಿದೀಪದ ಮುಂದೆ ನನ್ನ ಪುಸ್ತಕ ತೆಗೆದುಕೊಂಡು ನನ್ನ ಜೊತೆಯೇ ಅ ಆ ಇ ಈ ತಿದ್ದಿದರು. ಜಮೀನಿನ ಅರ್ಜಿಗೆ ಹೆಬ್ಬೆಟ್ಟು ಒತ್ತಬಾರದು, ಕನ್ನಡದಲ್ಲೇ ರುಜು ಹಾಕಬೇಕು ಎಂಬುದು ಅವರ ಛಲವಾಗಿತ್ತು. ಮಲಯಾಳದಲ್ಲಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದ ಮನುಷ್ಯನನ್ನು ಕಚೇರಿಯೊಂದರಲ್ಲಿ ಗುಮಾಸ್ತನೊಬ್ಬ ಓದುಬರಹ ಬಾರದವನೆಂದು ಬರೆದುಕೊಂಡಿದ್ದ. ಅದರ ನೋವು ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ಇಂಥವರ ಊರು ಯಾವುದೆಂದು ಬರೆಸಲಿ?

ಅಡಿಕೆ ಮಂಡಿ:

ತಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ನನಗೆ ಇದರಲ್ಲಿ ಗೊಂದಲವೇ ಕಾಣುತ್ತಿಲ್ಲ. ಪಹಣಿ ಯಾವ ಊರಿನದೋ, ಮಣ್ಣಾದದ್ದು ಯಾವ ಊರಿನಲ್ಲೋ, ಅದೇ ಊರು. ಅರುವತ್ತು ವರ್ಷ ಮೀರಿ ಇದ್ದವರನ್ನು ‘ಬಂದವರು’ ಎಂದು ಎಷ್ಟು ತಲೆಮಾರು ಕರೆಯುತ್ತೀರಿ?

ಶರಾವತಿ ಹಿನ್ನೀರು:

ಅಕ್ಕಾ, ಮಂಡಿಯವರು ಹೇಳಿದಷ್ಟು ಸುಲಭವಲ್ಲ ಇದು. ನಮ್ಮ ಅಜ್ಜ ರಾಜ್ಯ ಬಿಟ್ಟು ಬಂದವರಲ್ಲ, ಜಿಲ್ಲೆಯನ್ನೂ ಬಿಟ್ಟವರಲ್ಲ. ಆದರೂ ನಿಮ್ಮ ತಂದೆಯವರಿಗಿಂತ ಹೆಚ್ಚು ಪರದೇಶಿಯಾಗಿ ಸತ್ತರು ಎಂದು ನನಗೆ ಅನಿಸುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಊರು ಮುಳುಗಿತು. ಮನೆಯ ಮರಮುಟ್ಟು, ಬಾಗಿಲು, ಹೆಂಚು ಎಲ್ಲವನ್ನೂ ಕಳಚಿಕೊಂಡು ಲಾರಿಗೆ ಹೇರಿ, ಗುರುತು ಪರಿಚಯ ಇಲ್ಲದ ಕಾಡಿನ ನಡುವೆ ತಂದು ಇಳಿಸಿದರು. ದನಗಳನ್ನು ಹೊಡೆದುಕೊಂಡು ನಡೆದೇ ಬಂದವರು ಅಜ್ಜ. ಹೊಸ ಜಾಗದಲ್ಲಿ ಕಟ್ಟಿದ ದನ ಮೂರು ಸಲ ಹಗ್ಗ ಕಿತ್ತುಕೊಂಡು ವಾಪಸು ಹಿನ್ನೀರಿನ ಅಂಚಿಗೆ ಹೋಗಿ ನಿಂತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು.

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ, 1948ರ ಹೊತ್ತಿಗೆ ಕಟ್ಟಿ ಮುಗಿಸಿದ್ದ ಹಳೆಯ ಮಡೇನೂರು ಅಣೆಕಟ್ಟು ಹೊರಗೆ ಕಾಣಿಸಿಕೊಳ್ಳುತ್ತದೆ. ಜನ ಫೋಟೊ ತೆಗೆಯಲು ಹೋಗುತ್ತಾರೆ. ಅಜ್ಜನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅಣೆಕಟ್ಟಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬಿರುಕುಬಿಟ್ಟ ಕೆಸರಿನ ಮೇಲೆ ದೊಣ್ಣೆ ಊರಿಕೊಂಡು ಅತ್ತ ಇತ್ತ ನಡೆದು, ಒಂದು ಕಡೆ ನಿಂತು, ‘ಇದು ನಮ್ಮ ಗದ್ದೆಯ ಅಂಚು’ ಎಂದರು. ನನಗೆ ಅಲ್ಲಿ ಏನೂ ಕಾಣಲಿಲ್ಲ.

ಅವರು ಹೋದಾಗ ತಿಥಿಯ ಕಾರ್ಡಿನಲ್ಲಿ ಮುಳುಗಿದ ಊರಿನ ಹೆಸರನ್ನೇ ಹಾಕಿಸಿದೆವು. ಅಂಚೆಯವನೂ ಕೇಳಿರದ ಊರು ಎಂದು ಕೆಲವು ನೆಂಟರು ಆಡಿಕೊಂಡರು. ಅದಕ್ಕಾಗಿಯೇ ಹಾಕಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದ್ದ ಊರನ್ನು ಪಹಣಿ, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲವೂ ನೆನಪಿಟ್ಟುಕೊಂಡಿರುತ್ತವೆ, ಬಿಟ್ಟುಬಂದ ಊರಿಗೆ ಯಾವ ದಾಖಲೆಯೂ ಇರುವುದಿಲ್ಲ. ನಿಮ್ಮ ಅಣ್ಣ ಹೇಳುವುದರಲ್ಲಿ ಸತ್ಯವಿದೆ.

ಕಾನಿನ ಬದಿಯವ:

ಸಾವಿನ ಮನೆಯ ಮುಂದೆ ಕಹಿ ಮಾತಾಡಬಾರದು ಎಂಬುದು ಗೊತ್ತು, ಆದರೂ ಒಂದು ಮಾತು ಹೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತದೆ. ಹೊರಗಿನಿಂದ ಬಂದವರ ಕಷ್ಟದ ಕಥೆಗಳನ್ನು ಕೇಳುತ್ತಾ ನಾವು ನಮ್ಮ ಕಾನುಗಳ ಕಥೆಯನ್ನು ಮರೆಯುತ್ತೇವೆ. ನಮ್ಮ ಊರಿನ ಹಿಂದಿದ್ದ, ತೋಟಕ್ಕೆ ಸೊಪ್ಪು ತರುತ್ತಿದ್ದ ಸೊಪ್ಪಿನಬೆಟ್ಟವನ್ನು ಸವರಿ ಮೊದಲು ಮರಗೆಣಸು, ಆಮೇಲೆ ಶುಂಠಿ, ಆಮೇಲೆ ರಬ್ಬರ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶುಂಠಿ ಹಾಕಿದ ಗುಡ್ಡದ ಮಣ್ಣು ಎರಡು ಮಳೆಗೆ ಹಳ್ಳ ಸೇರಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡಿದ್ದಕ್ಕೂ, ಜನ ಮತ್ತು ದನ ಕಾಡಿನೊಳಕ್ಕೆ ನುಗ್ಗಿದ್ದಕ್ಕೂ ಸಂಬಂಧವಿದೆ ಎಂದು ತಿಳಿದವರು ಹೇಳುತ್ತಾರೆ. ನಿಮ್ಮ ತಂದೆಯವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕಲ್ಲಿನ ಮೇಲೆ ನಮ್ಮ ಊರಿನ ಹೆಸರು ಬರೆಸುವ ಮುಂಚೆ, ಆ ಊರಿನಿಂದ ಏನನ್ನು ತೆಗೆದುಕೊಂಡೆವು ಎಂಬುದನ್ನೂ ನೆನೆಯಬೇಕಲ್ಲವೇ?

ಅಡಿಕೆ ಮಂಡಿ:

ಕಾನಿನ ಬದಿಯವರೇ, ಒತ್ತುವರಿ ಜಮೀನು ಸಕ್ರಮ ಮಾಡಿಕೊಡಿ ಎಂದು ಬಗರ್‌ಹುಕುಂ ಅರ್ಜಿ ಹಾಕಿದವರ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಬೆಟ್ಟ ಸವರಿದವರಲ್ಲಿ ನಮ್ಮವರೇ ಎಷ್ಟು ಮಂದಿ ಇದ್ದಾರೆಂದು ತಿಳಿದೀತು. ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ ಎಂದು ತಂದು ತಂದು ನಾವೂ ಬೋಳು ಮಾಡಿದ್ದೇವೆ.

ರಿಪ್ಪನ್‌ಪೇಟೆ ಕಡೆಯವಳು:

ಕಾನಿನ ಬದಿಯವರು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ಆ ಮಾತನ್ನು ನಾನೇ ಒಮ್ಮೆ ಚಾಚ್ಚನ್ ಎದುರಿಗೆ ಆಡಿದ್ದೇನೆ. ಕಾಲೇಜಿನಲ್ಲಿದ್ದಾಗ, ಪರಿಸರದ ಬಗ್ಗೆ ಎಲ್ಲೋ ಕೇಳಿದ್ದನ್ನು ಮನೆಗೆ ತಂದು, ಊಟಕ್ಕೆ ಕೂತವರ ಮುಂದೆ ‘ನೀವು ಕಾಡು ಕಡಿದವರು’ ಎಂದಿದ್ದೆ. ಅವರು ಊಟ ಮುಗಿಸಿ ಕೈತೊಳೆದು ಬಂದು, ‘ಹೌದು, ಕಡಿದಿದ್ದೇನೆ. ನಿನಗೆ ಫೀಸು ಕಟ್ಟಿದ್ದೂ ಅದರಲ್ಲೇ’ ಎಂದರು. ಸಮರ್ಥಿಸಿಕೊಳ್ಳಲೂ ಇಲ್ಲ, ಗದರಲೂ ಇಲ್ಲ. ಮರುದಿನ ಹಳ್ಳದ ದಂಡೆಯ ಇಪ್ಪತ್ತು ಗುಂಟೆಯನ್ನು ಹಾಗೆಯೇ ಬಿಟ್ಟುಬಿಟ್ಟರು. ಈಗ ಅಲ್ಲಿ ಧೂಪ, ನೇರಳೆ, ಹೊನ್ನೆ ಬೆಳೆದು ಹಗಲಲ್ಲೂ ಕತ್ತಲೆ. ಅಷ್ಟಕ್ಕೆ ಲೆಕ್ಕ ಸಮವಾಯಿತೆಂದು ನಾನು ಹೇಳುವುದಿಲ್ಲ, ಅವರೂ ಹೇಳಿದವರಲ್ಲ.

ಆದರೆ ಅವರು ಮಾಡಿದ ಕೆಲಸದ ಒಂದು ಮಗ್ಗುಲನ್ನು ಹೇಳಲೇಬೇಕು. ನಮ್ಮ ಕಡೆ ರಬ್ಬರ್ ಗಿಡ ಹಾಕಿದ್ದು ಎಂಬತ್ತರ ದಶಕದಲ್ಲಿ, ಕೇರಳದಿಂದ ತಂದ ಆರ್‌ಆರ್‌ಐಐ 105 ತಳಿ. ಏಳು ವರ್ಷ ಕಾಯಬೇಕು. ಆ ಏಳು ವರ್ಷ ಅವರು ಬೇರೆಯವರ ತೋಟದಲ್ಲಿ ಕೂಲಿಗೆ ಹೋಗಿದ್ದಾರೆ. ಹಾಲು ಇಳಿಸಲು ಶುರುವಾದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದರು, ಏಕೆಂದರೆ ಬಿಸಿಲೇರಿದರೆ ಹಾಲು ಬೇಗ ಕಟ್ಟಿಕೊಂಡುಬಿಡುತ್ತದೆ. ತಲೆಗೆ ಟಾರ್ಚು ಕಟ್ಟಿಕೊಂಡು ಮರದ ಮುಂದೆ ಬಗ್ಗಿ, ಹಿಂದಿನ ಸಲದ ಗೀರಿನಲ್ಲಿ ಒಣಗಿ ಅಂಟಿಕೊಂಡಿದ್ದ ರಬ್ಬರಿನ ಎಳೆಯನ್ನು ಬೆರಳಲ್ಲಿ ಎಬ್ಬಿಸಿ ಒಂದೇ ಎಳೆತಕ್ಕೆ ಸರ್ರನೆ ಬಿಡಿಸುತ್ತಿದ್ದರು. ಆಮೇಲೆ ಕತ್ತಿಯನ್ನು ಓರೆಯಾಗಿ ಹಿಡಿದು, ತೊಗಟೆಯನ್ನು ಉಗುರಿನಷ್ಟೂ ದಪ್ಪವಿಲ್ಲದಂತೆ ಹೆರೆಯಬೇಕು. ಆಳವಾದರೆ ಮರಕ್ಕೆ ಗಾಯ, ಮೇಲೆ ಮೇಲೆ ಹೋದರೆ ಹಾಲಿಲ್ಲ. ಗೀರಿನುದ್ದಕ್ಕೂ ಬಿಳಿಯ ಚುಕ್ಕೆಗಳು ಮೂಡಿ, ಕೂಡಿಕೊಂಡು, ಕರಟಕ್ಕೆ ಇಳಿಯಲು ಶುರುವಾಗುವ ತನಕ ನಿಂತು ನೋಡಿಯೇ ಮುಂದಿನ ಮರಕ್ಕೆ ಹೋಗುತ್ತಿದ್ದರು. ಮುನ್ನೂರು ಮರ, ದಿನ ಬಿಟ್ಟು ದಿನ, ಎಪ್ಪತ್ತೆಂಟನೆಯ ವಯಸ್ಸಿನವರೆಗೆ.

ಆ ಒಣ ಎಳೆಗೆ ಒಟ್ಟುಪಾಲ್ ಎನ್ನುತ್ತಾರೆ, ಅದಕ್ಕೂ ಅಂಗಡಿಯಲ್ಲಿ ಬೆಲೆ ಇದೆ. ಆದರೆ ವಾರಕ್ಕೊಮ್ಮೆ ಒಂದು ಹಿಡಿಯಷ್ಟನ್ನು ಮೊಮ್ಮಕ್ಕಳಿಗೆಂದು ತೆಗೆದಿಟ್ಟು, ಅವರನ್ನು ಎದುರಿಗೆ ಕೂರಿಸಿಕೊಂಡು ನೂಲಿನ ಉಂಡೆಯಂತೆ ಸುತ್ತಿ ಚೆಂಡು ಮಾಡಿಕೊಡುತ್ತಿದ್ದರು. ಕೆಟ್ಟ ವಾಸನೆ ಬರುವ, ಮನೆಯ ಮಾಡಿನೆತ್ತರಕ್ಕೆ ಪುಟಿಯುವ ಚೆಂಡು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ಅವಳ ಪೆಟ್ಟಿಗೆಯಲ್ಲಿ ಆ ಚೆಂಡು ಇದ್ದುದನ್ನು ನಾನು ನೋಡಿದ್ದೇನೆ.

ಭದ್ರಾವತಿ ನ್ಯೂಟೌನ್:

ಮೇಡಂ, ನಿಮ್ಮ ಬರಹ ಓದಿ ನಮ್ಮ ಅಪ್ಪನ ನೆನಪಾಯಿತು. ಅವರು ತಮಿಳುನಾಡಿನಿಂದ ಬಂದು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ನಮ್ಮ ಊರಿನಲ್ಲಿ ಬಂದವರು, ಇದ್ದವರು ಎಂಬ ಲೆಕ್ಕವೇ ಬೇರೆ. 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾದ ಮೇಲೆ ಬಂದವರಿಂದಲೇ ಬೆಳೆದ ಊರು ಅದು. ನಮ್ಮ ಬೀದಿಯ ನಲ್ಲಿಯ ಮುಂದೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಜಗಳ ಆಗುತ್ತಿತ್ತು.

ಭಾಷೆಯ ವಿಷಯದಲ್ಲಿ ಒಂದು ಅನುಭವ ಹೇಳುತ್ತೇನೆ. ಅಪ್ಪ ತೀರಿಕೊಂಡಾಗ ನಾವು ಫಲಕದಲ್ಲಿ ತಮಿಳಿನಲ್ಲೇ ಬರೆಸಿದೆವು. ಅಮ್ಮನಿಗೆ ಸಮಾಧಾನವಾಯಿತು. ಅಮ್ಮನೂ ಹೋದ ಮೇಲೆ ಈಗ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ, ನನ್ನ ಮಕ್ಕಳಿಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಒಂದೇ ಲಿಪಿ ಸಾಕೆಂದು ಹಟ ಹಿಡಿಯಬೇಡಿ. ಕಲ್ಲಿನ ಮೇಲೆ ಜಾಗವೇನೂ ಕಡಿಮೆ ಇರುವುದಿಲ್ಲ.

ಚರ್ಚಿನ ಲೆಕ್ಕದವರು:

ಸಹೋದರಿ, ನಾನು ನಿಮ್ಮ ಕಡೆಯ ಚರ್ಚೊಂದರಲ್ಲಿ ಬಹಳ ವರ್ಷ ಕೈಕಾರನಾಗಿ, ಅಂದರೆ ಚರ್ಚಿನ ಲೆಕ್ಕಪತ್ರ ನೋಡಿಕೊಳ್ಳುವವನಾಗಿ, ಇದ್ದವನು. ಎರಡು ವ್ಯಾವಹಾರಿಕ ಮಾತುಗಳನ್ನಷ್ಟೇ ಹೇಳುತ್ತೇನೆ. ಮೊದಲನೆಯದು, ಮಳೆ ಹಿಡಿದ ಮೇಲೆ ಕಲ್ಲು ಹಾಕಿಸಬೇಡಿ. ಮೇ ತಿಂಗಳಲ್ಲಿ ತೋಡಿದ ಗುಂಡಿಯ ಮಣ್ಣು ಒಂದು ಮಳೆಗಾಲ ಕಂಡ ಮೇಲೆಯೇ ಕೂರುವುದು. ಜುಲೈನಲ್ಲಿ ಹಾಕಿಸಿದ ಗ್ರಾನೈಟು ದೀಪಾವಳಿಯ ಹೊತ್ತಿಗೆ ಒಂದು ಮಗ್ಗುಲಿಗೆ ವಾಲಿ, ಮತ್ತೆ ಕಿತ್ತು ಕೂರಿಸಿದ್ದನ್ನು ನಾಲ್ಕಾರು ಕಡೆ ನೋಡಿದ್ದೇನೆ. ನಲವತ್ತೊಂದಕ್ಕೆ ಮರದ ಶಿಲುಬೆ ಸಾಕು, ಅದರಲ್ಲಿ ದೋಷವೇನೂ ಇಲ್ಲ.

ಎರಡನೆಯದು, ಮನೆತನದ ಹೆಸರನ್ನು ಬಿಡಬೇಡಿ. ನಮ್ಮ ಸಮುದಾಯದಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ, ಮರಣದ ಪುಸ್ತಕದಲ್ಲಿ ಯಾರು ಯಾರೆಂದು ಗುರುತು ಹಚ್ಚುವುದೇ ಮನೆಹೆಸರಿನಿಂದ. ಹಿಂದೆ ನಾವೆಲ್ಲ ಮಾನಂದವಾಡಿಯ ಧರ್ಮಪ್ರಾಂತ್ಯಕ್ಕೆ ಸೇರಿದ್ದೆವು. 2007ರಲ್ಲಿ ಭದ್ರಾವತಿಯದು ಬೇರೆಯಾದ ಮೇಲೆ ಹಳೆಯ ಕಾಗದ ಹುಡುಕುವಾಗ ನನಗೆ ಸಹಾಯಕ್ಕೆ ಬಂದದ್ದು ಮನೆಹೆಸರುಗಳೇ.

ಮೊಮ್ಮಗಳು:

ಅಮ್ಮ ಇಲ್ಲಿ ಬರೆಯುತ್ತಿರುವುದನ್ನು ನಿನ್ನೆ ತೋರಿಸಿದರು. ಅವರು ಬರೆಯದೆ ಬಿಟ್ಟ ಒಂದು ಸಂಗತಿ ಇದೆ, ಅದು ನಡೆದಾಗ ಇದ್ದವಳು ನಾನೊಬ್ಬಳೇ ಆದ್ದರಿಂದ ನಾನೇ ಬರೆಯುತ್ತೇನೆ.

ನಾನು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಅಕ್ಕಪಕ್ಕದ ಮನೆಯ ಮಕ್ಕಳು ಕರೆದದ್ದನ್ನು ಕೇಳಿ ಕಲಿತದ್ದು. ನಮ್ಮ ನಡುವೆ ಮಾತೆಲ್ಲ ಕನ್ನಡದಲ್ಲೇ, ಅವರ ‘ಬಂತು, ಹೋಯ್ತು’ಗಳ ಕನ್ನಡ. ಆಸ್ಪತ್ರೆಯಲ್ಲಿದ್ದ ಕೊನೆಯ ವಾರದಲ್ಲಿ ಆ ಕನ್ನಡ ಅವರಿಂದ ಪೂರ್ತಿ ಕಳಚಿಹೋಯಿತು. ಎಚ್ಚರವಿದ್ದರು, ನನ್ನ ಗುರುತೂ ಸಿಗುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದುದು ಮಲಯಾಳ ಮಾತ್ರ. ನನಗೆ ಮಲಯಾಳ ಊಟ, ನೀರು, ಬಾ, ಹೋಗು ಎಂಬಲ್ಲಿಗೆ ಮುಗಿಯುತ್ತದೆ. ಅಮ್ಮ ಬಟ್ಟೆ ತರಲು ಊರಿಗೆ ಹೋಗಿದ್ದ ರಾತ್ರಿ ಅವರು ನನ್ನ ಕೈ ಹಿಡಿದುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಕೇಳತೊಡಗಿದರು. ನೋವೇ ಎಂದರೆ ಅಲ್ಲ, ನೀರು ಬೇಕೇ ಎಂದರೆ ಅಲ್ಲ. ನನಗೆ ಅಳು ಬಂತು. ಅಷ್ಟರಲ್ಲಿ ಡ್ರಿಪ್ ಬದಲಿಸಲು ಬಂದ ನರ್ಸ್ ಕೇಳಿಸಿಕೊಂಡು ನಕ್ಕರು. ಅವರು ಕೇರಳದವರು. ‘ಮರಗಳಿಗೆ ಪ್ಲಾಸ್ಟಿಕ್ ಕಟ್ಟಿ ಆಯಿತೇ ಎಂದು ಕೇಳುತ್ತಿದ್ದಾರೆ. ಮರಕ್ಕೆ ಏಕೆ ಪ್ಲಾಸ್ಟಿಕ್?’ ಎಂದು ನನ್ನನ್ನೇ ಕೇಳಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲ ಹಿಡಿಯುವ ಮುಂಚೆ ರಬ್ಬರ್ ಮರದ ಗೀರಿನ ಮೇಲ್ಗಡೆ ಪ್ಲಾಸ್ಟಿಕ್ಕನ್ನು ಲಂಗದ ಹಾಗೆ ನೆರಿಗೆ ಹಿಡಿದು ಸುತ್ತಿ ಅಂಟಿಸಬೇಕು. ಇಲ್ಲವಾದರೆ ಮಳೆನೀರು ಇಳಿದು ಹಾಲು ಹಾಳಾಗುತ್ತದೆ, ತೊಗಟೆ ಕೊಳೆಯುತ್ತದೆ. ಈ ವರ್ಷದ ಕೆಲಸ ಅವರ ಕಾಯಿಲೆಯಿಂದಾಗಿ ಅರ್ಧಕ್ಕೇ ನಿಂತಿತ್ತು. ನಾನು ನರ್ಸ್ ಹತ್ತಿರ ‘ಎಲ್ಲ ಕಟ್ಟಿ ಆಯಿತು ಎಂದು ಮಲಯಾಳದಲ್ಲಿ ಹೇಗೆ ಹೇಳುವುದು’ ಎಂದು ಕೇಳಿ, ಕಲಿತು, ಅವರ ಕಿವಿಯ ಹತ್ತಿರ ಹೇಳಿದೆ. ಅದು ಸುಳ್ಳು. ಅವರು ಕಣ್ಣು ಮುಚ್ಚಿ ಮಲಗಿದರು.

ಶರಾವತಿ ಹಿನ್ನೀರು:

ತಂಗೀ, ನೀನು ಹೇಳಿದ್ದರಲ್ಲಿ ತಪ್ಪಿಲ್ಲ.

ಕಾನಿನ ಬದಿಯವ:

ನನ್ನ ಮೊದಲಿನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದನ್ನು ಹೇಳಬೇಕಾದ ಜಾಗ ಇದಾಗಿರಲಿಲ್ಲ. ಅಮ್ಮನವರು ಮನಸ್ಸಿಗೆ ಹಚ್ಚಿಕೊಳ್ಳದೆ ಉತ್ತರ ಕೊಟ್ಟದ್ದಕ್ಕೆ ಋಣಿ. ಹಳ್ಳದ ದಂಡೆಯ ಆ ಇಪ್ಪತ್ತು ಗುಂಟೆಯನ್ನು ಮುಂದೆಯೂ ಮುಟ್ಟದೆ ಬಿಡುವಿರೆಂದು ನಂಬುತ್ತೇನೆ.

ರಿಪ್ಪನ್‌ಪೇಟೆ ಕಡೆಯವಳು:

ಎಲ್ಲರಿಗೂ ಉತ್ತರಿಸಲು ತಡವಾಯಿತು. ನಲವತ್ತೊಂದನೆಯ ದಿನದ ಪೂಜೆ ಮೊನ್ನೆ ಮುಗಿಯಿತು. ಇಗರ್ಜಿಯಲ್ಲಿ ಪೂಜೆ ಮಲಯಾಳದಲ್ಲಿ ಆಯಿತು, ಊಟದ ಪಂಕ್ತಿಯಲ್ಲಿ ಮಾತೆಲ್ಲ ಕನ್ನಡದಲ್ಲಿ ಆಯಿತು. ಜ್ವರ ಬಂದಾಗ ಗಂಜಿ ಕಳಿಸಿದ್ದ ಮನೆಯ ಮೂರನೆಯ ತಲೆಮಾರಿನ ಹುಡುಗರೇ ಬಡಿಸಿದರು.

ಕಲ್ಲಿನ ವಿಷಯ ಅಣ್ಣನ ಜೊತೆ ಕೂತು ಇತ್ಯರ್ಥ ಮಾಡಿಕೊಂಡೆ. ಇಲ್ಲಿ ಬಂದ ಮಾತುಗಳನ್ನೆಲ್ಲ ಅವನಿಗೆ ಓದಿ ಹೇಳಿದೆ. ಹಿನ್ನೀರಿನ ಅಜ್ಜ ಗದ್ದೆಯ ಅಂಚು ಗುರುತಿಸಿದ್ದನ್ನು ಎರಡು ಸಲ ಓದಿಸಿದ. ಮೇಲೆ ಮನೆತನದ ಹೆಸರು ಮತ್ತು ಹುಟ್ಟೂರು ಮಲಯಾಳದಲ್ಲಿ, ಕೆಳಗೆ ಹೆಸರು ಮತ್ತು ನಮ್ಮ ಹಳ್ಳಿಯ ಹೆಸರು ಕನ್ನಡದಲ್ಲಿ ಎಂದು ತೀರ್ಮಾನವಾಯಿತು. ಶಿವಮೊಗ್ಗದವರಿಗೆ ಮಲಯಾಳ ಅಕ್ಷರ ಗೊತ್ತಿಲ್ಲ, ದೊಡ್ಡದಾಗಿ ಬರೆದುಕೊಟ್ಟರೆ ನೋಡಿ ಕೆತ್ತುತ್ತಾರಂತೆ. ಪಾಲಾದಲ್ಲಿರುವ ಚಿಕ್ಕಪ್ಪನ ಮಗನಿಗೆ ಬರೆದು ಕಳಿಸಲು ಹೇಳಿದ್ದೇವೆ. ಕೈಕಾರರು ಹೇಳಿದಂತೆ ದೀಪಾವಳಿ ಕಳೆದ ಮೇಲೆಯೇ ಹಾಕಿಸುವುದು. ಸದ್ಯಕ್ಕೆ ಹಲಸಿನ ಮರದ ಶಿಲುಬೆ ಇದೆ. ಅದರ ಮೇಲೆ ಬಸ್ಸಿನ ಬೋರ್ಡು ಬರೆಯುವವನು ಬಿಳಿ ಬಣ್ಣದಲ್ಲಿ ಹೆಸರು ಬರೆದಿದ್ದಾನೆ. ಅಕ್ಷರ ದೊಡ್ಡದಾಗಿ, ಎರಡು ದಿನಾಂಕ ಬರೆಯುವಷ್ಟರಲ್ಲಿ ಹಲಗೆ ತುಂಬಿ, ಊರಿಗೆ ಜಾಗ ಸಾಲಲಿಲ್ಲ.

ಮಗಳು ಒಂದು ವಾರ ರಜೆ ಹಾಕಿ ಬಂದಿದ್ದಾಳೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಉಳಿದ ಮರಗಳಿಗೆ ಪ್ಲಾಸ್ಟಿಕ್ ಕಟ್ಟುತ್ತಿದ್ದೇವೆ. ಒದ್ದೆ ತೊಗಟೆಗೆ ಗಮ್ ಹಿಡಿಯುತ್ತಿಲ್ಲ, ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಕೈಯಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ನೂರ ನಲವತ್ತು ಮರ ಆಗಿದೆ.